ಎಂಡೆವರ್ ನದಿಯ ತೀರದಲ್ಲಿ 48 ದಿವಸ

‘ಅತಿಥಿ’ ಎಂಬ ಶಬ್ದಕ್ಕೆ ನಮ್ಮ ಪಂಡಿತರು ಹೇಳುವ ನಿರ್ವಚನವು ಬಹು ರಮ್ಯವಾದುದು. ಇಂತಹ ತಿಥಿಯಲ್ಲಿ ಬರುವನೆಂಬ ನಿಯಮವು ಯಾವನಿಗೆ ಇಲ್ಲವೋ ಅವನೇ ಅತಿಥಿ. ಕರೆಯ ಕಳುಹಿಸಿದ ಮೇಲೆ ಬರುವವನು ಆಮಂತ್ರಿತನೇ ಹೊರತು ಅತಿಥಿಯಲ್ಲ. ಗಾಡಿಯ ಅಚ್ಚು ಮುರಿದೋ, ಹೊಳೆ ತುಂಬಿ ದಾಟಲಾರದೆಯೋ, ಅಕಾಲದಲ್ಲಿ ನಮ್ಮ ಜಗಲಿಯನ್ನೇರಿದವನೇ ಆ ಹೆಸರಿಗೆ ಯೋಗ್ಯನು. ಅಂತಹವನನ್ನು ಮನೆಯವರು ಹೇಗೆ ಆದರಿಸಬೇಕೆಂಬುದನ್ನು ಧರ್ಮಗ್ರಂಥಗಳು ವಿಸ್ತಾರವಾಗಿ ಹೇಳಿರುವುವು. ನಾವೂ ಮಕ್ಕಳಿಗೆ ಅದನ್ನು ಕಲಿಸುತ್ತೇವೆ. ಆದರೆ ಬಂದವನು ಆ ಮನೆಯಲ್ಲಿ ಹೇಗೆ ನಡೆದುಕೊಳ್ಳತಕ್ಕದ್ದು ಎಂಬ ವಿಷಯದಲ್ಲಿ ನಮ್ಮ ವಿಚಾರವು ಅಷ್ಟು ದೂರ ಹೋಗುವುದಿಲ್ಲ. ಸಮುದ್ರಯಾನಗಳ ಚರಿತ್ರೆಯಲ್ಲಿ ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಒದಗಿಸತಕ್ಕ ಒಂದು ವೃತ್ತಾಂತವಿದೆ. ಅದು ನಡೆದುದು ಆಸ್ಟ್ರೇಲಿಯ ಖಂಡದ ಈಶಾನ್ಯ ತೀರದಲ್ಲಿ, ಕ್ರಿ. ಶ. 1770ನೆಯ ಇಸವಿಯಲ್ಲಿ.

ಎಂಡೆವರ್ ಎಂಬ ಇಂಗ್ಲಿಷ್ ನೌಕೆಯು 1768ನೆಯ ಇಸವಿ ಆಗಸ್ಟ್ 26ನೆಯ ತಾರೀಖು ಪ್ಲಿಮತ್ ಬಂದರನ್ನು ಬಿಟ್ಟು ಹೊರಟಿತು. ಇದರ ನಾಯಕನು ಲೆಫ್ಟೆನೆಂಟ್ ಜೇಮ್ಸ್ ಕುಕ್. ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವ ಅಪೂರ್ವ ಯೋಗವನ್ನು 1769ನೆಯ ಜೂನ್ 3ರಂದು ತಾಹಿತಿ ದ್ವೀಪದಿಂದ ವೀಕ್ಷಿಸುವುದು ಈ ಯಾತ್ರೆಯ ಒಂದು ಉದ್ದೇಶವಾಗಿತ್ತು. ಆ ಕಾರ್ಯವನ್ನು ಮುಗಿಸಿ, ನ್ಯೂಜಿಲೆಂಡ್ ದ್ವೀಪಗಳನ್ನು ಸುತ್ತಿ ನಕ್ಷೆ ಬರೆದುಕೊಂಡು, ನೌಕೆಯು ಆಸ್ಟ್ರೇಲಿಯದ ಪೂರ್ವ ತೀರವನ್ನು ಹಿಡಿದು ಉತ್ತರಾಭಿಮುಖವಾಗಿ ಸಾಗುತ್ತಿದ್ದಿತು. ಇದು ಮೂಲತಃ ಯುದ್ಧದ ಹಡಗಲ್ಲ. ವಿಟ್ಬಿ ಎಂಬ ಊರಿನಲ್ಲಿ ಕಲ್ಲಿದ್ದಲು ಸಾಗಿಸುವುದಕ್ಕಾಗಿ ಕಟ್ಟಿದ, ಸುಮಾರು 370 ಟನ್ನಿನ ದೃಢವಾದ ಸರಕಿನ ಹಡಗು. ಇದರ ತಳವು ಅಗಲವಾಗಿಯೂ ಚಪ್ಪಟೆಯಾಗಿಯೂ ಇದ್ದುದರಿಂದ, ಮರಳಿನ ದಡದ ಮೇಲೆ ಕುಳ್ಳಿರಿಸಿದರೂ ಮಗುಚಿ ಬೀಳುತ್ತಿರಲಿಲ್ಲ. ಈ ಒಂದು ಗುಣವೇ ಮುಂದೆ ಎಲ್ಲರ ಪ್ರಾಣವನ್ನೂ ಉಳಿಸಿತು.

ಆ ತೀರದ ಪಕ್ಕದಲ್ಲಿ ಸಮುದ್ರದೊಳಗೆ ನೂರಾರು ಮೈಲಿಗಳ ಉದ್ದಕ್ಕೆ ಹವಳದ ದಿಬ್ಬಗಳ ಸಾಲೊಂದು ಹಬ್ಬಿಕೊಂಡಿದೆ. ಉತ್ತರಕ್ಕೆ ಹೋದಂತೆಲ್ಲ ಆ ಸಾಲು ದಡಕ್ಕೆ ಹತ್ತಿರವಾಗುತ್ತ ಬರುತ್ತದೆ. ಜೂನ್ 11ನೆಯ ತಾರೀಖಿನ ರಾತ್ರಿ ಬೆಳುದಿಂಗಳಿತ್ತು, ಗಾಳಿಯು ಹಿತವಾಗಿತ್ತು, ಆಳವನ್ನಳೆಯುವ ನಾವಿಕನ ಗುಂಡಿಗೆ ಸಾಕಷ್ಟು ನೀರು ಸಿಕ್ಕುತ್ತಿತ್ತು. ಹನ್ನೊಂದು ಗಂಟೆಗೆ ಸ್ವಲ್ಪ ಮುಂಚೆ ಹಡಗು ಒಮ್ಮೆಗೇ ಹವಳದ ಬಂಡೆಗೆ ಬಡಿದು ಅಲ್ಲಿಯೇ ಕಚ್ಚಿಕೊಂಡು ನಿಂತಿತು. ದಡವು ಇಪ್ಪತ್ತು ಮೈಲಿಗಿಂತಲೂ ದೂರವಿತ್ತು. ಹಡಗಿನಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ. ಇದ್ದ ಚಿಕ್ಕ ದೋಣಿಗಳಲ್ಲಿ ಎಲ್ಲರಿಗೂ ಸ್ಥಳವಿರಲಿಲ್ಲ. ಹಡಗು ಒಡೆದರೆ ಯಾರು ದೋಣಿಯನ್ನೇರಬೇಕು, ಯಾರು ಮುಳುಗಬೇಕು ಎಂಬ ಘೋರವಾದ ಪ್ರಶ್ನೆಯು ಎಲ್ಲರ ಮನಸ್ಸಿನಲ್ಲಿಯೂ ಇದ್ದಿರಬೇಕು.

ಬಡಿದುದು ಭರತದ ಸಮಯದಲ್ಲಾದುದರಿಂದ ಸಂಕಟವು ಇಮ್ಮಡಿಯಾಯಿತು. ಇಳಿತದಲ್ಲಿ ಸಿಕ್ಕಿಕೊಂಡ ಹಡಗನ್ನು ಭರತವು ಎತ್ತಿ ಬಿಡುತ್ತದೆ. ಭರತದಲ್ಲಿಯೇ ಸಿಕ್ಕಿಕೊಂಡುದಕ್ಕೆ ಮುಂದಿನ ಭರತವು ಅದಕ್ಕಿಂತ ಹೆಚ್ಚು ಏರಿದರೆ ಮಾತ್ರ ಬಿಡುಗಡೆ. ಆದುದರಿಂದ ಭಾರವನ್ನು ಇಳಿಸುವುದೊಂದೇ ಉಪಾಯವಾಯಿತು. ಆರು ಫಿರಂಗಿಗಳು, ತಳದಲ್ಲಿ ತೂಕಕ್ಕಾಗಿ ಹಾಕಿದ್ದ ಕಬ್ಬಿಣ ಮತ್ತು ಕಲ್ಲು, ಪೀಪಾಯಿಗಳು, ಎಣ್ಣೆಯ ಜಾಡಿಗಳು, ಕೆಟ್ಟುಹೋದ ಸಾಮಾನುಗಳು, ಹೀಗೆ ನಲವತ್ತು ಐವತ್ತು ಟನ್ನುಗಳಷ್ಟು ವಸ್ತುವನ್ನು ಸಮುದ್ರಕ್ಕೆ ಎಸೆದರು. ಆದರೂ ಮರುದಿನ ಹಗಲಿನ ಭರತವು ಒಂದೂವರೆ ಅಡಿಯಷ್ಟು ಕಡಿಮೆಯಾಗಿ ನಿಂತಿತು. ಆ ತೀರದಲ್ಲಿ ಆ ಋತುವಿನಲ್ಲಿ ಹಗಲಿನ ಭರತಕ್ಕಿಂತ ರಾತ್ರಿಯ ಭರತವು ಎತ್ತರವಾಗಿರುವುದು. ರಾತ್ರಿ ಹತ್ತು ಗಂಟೆ ಕಳೆದ ಮೇಲೆ, ಬಡಿದ ಸುಮಾರು ಇಪ್ಪತ್ತಮೂರು ಗಂಟೆಗಳಿಗೆ, ಹಡಗು ತೇಲಿ ಆಳವಾದ ನೀರಿಗೆ ಬಂದಿತು.

ತೇಲಿದುದರಿಂದಲೇ ಅಪಾಯವು ತೀರಲಿಲ್ಲ. ತಳದ ರಂಧ್ರದಿಂದ ನೀರು ನುಗ್ಗುತ್ತಿತ್ತು. ಹಿರಿಯ ಅಧಿಕಾರಿ, ಕಿರಿಯ ಖಲಾಸಿ ಎಂಬ ಭೇದವಿಲ್ಲದೆ ಎಲ್ಲರೂ ಸರದಿಯ ಮೇಲೆ ಪಂಪುಗಳನ್ನು ಒತ್ತಿದರು. ಆಗ ಜೊನಾಥನ್ ಮಂಕ್‌ಹೌಸ್ ಎಂಬ ಕಿರಿಯ ಅಧಿಕಾರಿಯು ತಾನು ಹಿಂದೆ ಮತ್ತೊಂದು ಹಡಗಿನಲ್ಲಿ ಕಂಡಿದ್ದ ಉಪಾಯವೊಂದನ್ನು ಪ್ರಯೋಗಿಸಿದನು. ಹಳೆಯ ಹಗ್ಗಗಳನ್ನು ಬಿಡಿಸಿದ ನಾರನ್ನೂ ಉಣ್ಣೆಯನ್ನೂ ಸಣ್ಣಗೆ ಕತ್ತರಿಸಿ ಬೆರೆಸಿ, ಹಾಯಿಪಟವೊಂದರ ಮೇಲೆ ಹಿಡಿಹಿಡಿಯಾಗಿ ಅಂಟಿಸಿ, ಅದರ ಮೇಲೆ ಕುರಿಯ ಹಿಕ್ಕೆಯನ್ನು ಹರಡಿ, ಆ ಪಟವನ್ನು ಹಗ್ಗಗಳಿಂದ ಹಡಗಿನ ಅಡಿಗೆ ಎಳೆದರು. ಒಳಕ್ಕೆ ನುಗ್ಗುವ ನೀರೇ ಆ ನಾರನ್ನು ಸೆಳೆದುಕೊಂಡು ಸಂದುಗಳಿಗೆ ತುಂಬಿತು. ಸ್ವಲ್ಪ ಹೊತ್ತಿನಲ್ಲಿಯೇ ಮೂರು ಪಂಪುಗಳ ಕೆಲಸವು ಒಂದು ಪಂಪಿಗೆ ಇಳಿಯಿತು. ಮಹಾಯಾತ್ರೆಯೊಂದರ ಭವಿಷ್ಯವು ಕೆಲವು ಹಿಡಿ ಉಣ್ಣೆ ಮತ್ತು ಕುರಿಹಿಕ್ಕೆಗಳ ಮೇಲೆ ನಿಂತಿತು!

ಮುಂದಾಗಿ ಕಳುಹಿಸಿದ ದೋಣಿಯವರು ದಡದಲ್ಲಿ ಒಂದು ನದೀಮುಖವನ್ನು ಕಂಡುಹಿಡಿದರು. ಬಿರುಸಾದ ಗಾಳಿಯಿಂದ ಕೆಲವು ದಿವಸ ಹೊರಗೇ ಕಾಯಬೇಕಾಯಿತು. ಜೂನ್ 17ರಂದು, ಒಳಕ್ಕೆ ಬರುವಾಗಲೂ ಎರಡು ಸಲ ನೆಲಕ್ಕೆ ತಗುಲಿ, ಹಡಗು ಅಂತೂ ನದಿಯನ್ನು ಸೇರಿತು. ಕುಕ್ಕನು ಆ ನದಿಗೆ ತನ್ನ ಹಡಗಿನ ಹೆಸರನ್ನೇ ಇಟ್ಟನು. ಆದರೆ ಅದಕ್ಕೆ ಮೊದಲೇ ಒಂದು ಹೆಸರಿತ್ತು. ಆ ಪ್ರದೇಶದ ಗೂಗು ಯಿಮಿಧಿರ್ ಜನರು ಅದನ್ನು ವಾಲುಂಬಾಲ್ ಬಿರಿ ಎನ್ನುತ್ತಾರೆ. ಬಂದವರು ನಿರ್ಜನವಾದ ದಡಕ್ಕೆ ಬಂದೆವೆಂದು ಭಾವಿಸಿದರು. ವಾಸ್ತವವಾಗಿ ಅವರು ಒಬ್ಬರ ಅಂಗಳಕ್ಕೆ ಕಾಲಿಟ್ಟಿದ್ದರು.

ಮರದ ಹಡಗನ್ನು ದುರಸ್ತಿ ಮಾಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ನಮ್ಮ ಕರಾವಳಿಯ ಮೀನುಗಾರರು ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ತಳವನ್ನು ನೋಡಿಕೊಳ್ಳುತ್ತಾರಷ್ಟೆ. ದೊಡ್ಡ ಹಡಗನ್ನು ಹಾಗೆ ಎಳೆಯಲಾಗದು. ಅದರ ಸಾಮಾನುಗಳನ್ನೆಲ್ಲ ಇಳಿಸಿ, ಭರತದಲ್ಲಿ ದಡಕ್ಕೆ ತಂದು ನಿಲ್ಲಿಸಬೇಕು. ಇಳಿತದಲ್ಲಿ ನೀರು ಹಿಂದಕ್ಕೆ ಸರಿದಾಗ ತಳವು ಹೊರಗೆ ಕಾಣುವುದು. ಬಡಗಿಗೆ ಸಿಕ್ಕುವ ಕಾಲವು ಆ ಕೆಲವೇ ಗಂಟೆಗಳು. ಮತ್ತೆ ನೀರು ಏರಿದೊಡನೆಯೇ ಉಳಿ ಸುತ್ತಿಗೆಗಳನ್ನು ಎತ್ತಿಕೊಂಡು ಮೇಲಕ್ಕೆ ಬರಬೇಕು. ಎಂಡೆವರಿನ ತಳಕ್ಕೆ ತಾಮ್ರದ ತಗಡಿನ ಹೊದಿಕೆಯಿರಲಿಲ್ಲ. ಮುಖ್ಯವಾದ ಹಲಗೆಗಳ ಹೊರಗೆ ತೆಳುವಾದ ಮತ್ತೊಂದು ಮರದ ಹೊದಿಕೆಯನ್ನು ಜಡಿದಿದ್ದರು. ಬಿಸಿಯಾದ ಸಮುದ್ರಗಳಲ್ಲಿ ಮರವನ್ನು ಕೊರೆದು ಜಲ್ಲಡಿಯಂತೆ ಮಾಡುವ ಹಡಗುಹುಳುವೆಂಬ ಜಂತುವಿದೆ. ಹೆಸರಿಗೆ ಹುಳುವಾದರೂ ಜಾತಿಯಲ್ಲಿ ಅದು ಕಪ್ಪೆಚಿಪ್ಪಿನ ಬಂಧು. ಹೊರಗಿನ ಹೊದಿಕೆಯು ಅದಕ್ಕೆ ಆಹಾರವಾದರೂ ಒಳಗಿನ ಹಲಗೆಯು ಉಳಿಯಲೆಂಬುದೇ ಈ ಏರ್ಪಾಟಿನ ತಾತ್ಪರ್ಯ.

ದಡದಲ್ಲಿ ರೋಗಿಗಳಿಗೊಂದು, ಸಾಮಾನುಗಳಿಗೊಂದು ಗುಡಾರವೆದ್ದಿತು. ಕಮ್ಮಾರನು ಕುಲುಮೆಯನ್ನು ಹೂಡಿ ತಿದಿಯನ್ನೊತ್ತಿ ಮೊಳೆಗಳನ್ನು ಬಡಿಯತೊಡಗಿದನು. ಜೂನ್ 22ರ ನಸುಕಿನ ಇಳಿತದಲ್ಲಿ ತಳವು ಕಾಣಿಸಿತು. ಬಂಡೆಯು ನಾಲ್ಕು ಹಲಗೆಗಳನ್ನು ಕೊಡಲಿಯಿಂದ ಕಡಿದಂತೆ ಕತ್ತರಿಸಿತ್ತು. ಅದಕ್ಕಿಂತ ಆಶ್ಚರ್ಯಕರವಾದುದೆಂದರೆ, ಹವಳದ ದೊಡ್ಡ ತುಂಡೊಂದು ಮುರಿದು ಆ ರಂಧ್ರದಲ್ಲಿಯೇ ಸಿಕ್ಕಿಕೊಂಡು ಬಿರಡೆಯಂತೆ ಕುಳಿತಿತ್ತು. ಒಡೆದುದೂ ಅದೇ ಬಂಡೆ, ಕಾಪಾಡಿದುದೂ ಅದೇ ಬಂಡೆ! ಮುಖ್ಯ ಬಡಗಿಯಾದ ಜಾನ್ ಸ್ಯಾಟರ್ಲಿಯೂ ಅವನ ಸಹಾಯಕರೂ ಇಳಿತದ ಗಂಟೆಗಳನ್ನು ಕಾದುಕೊಂಡು ಹೊಸ ಹಲಗೆಗಳನ್ನು ಕೂಡಿಸಿದರು. ಸಂದುಗಳಿಗೆ ನಾರನ್ನು ಬಡಿದು, ಕಾಯಿಸಿದ ಡಾಂಬರನ್ನು ಬಳಿದರು. ಆದರೆ ತಳದ ಎಲ್ಲ ಭಾಗವೂ ನೀರಿನಿಂದ ಹೊರಗೆ ಬರಲಿಲ್ಲ. ಖಾಲಿ ಪೀಪಾಯಿಗಳನ್ನು ಅಡಿಗೆ ಕಟ್ಟಿ ಎತ್ತಿಸಲು ನೋಡಿದರು, ಫಲಿಸಲಿಲ್ಲ. ಕಾಣದೆ ಉಳಿದ ಭಾಗವನ್ನು ದೈವಕ್ಕೆ ಬಿಟ್ಟು ಕಂಡಷ್ಟನ್ನು ಸರಿಪಡಿಸಿದರು.

ಹೀಗೆ ಹಡಗು ಓರೆಯಾಗಿ ಮಲಗಿದಾಗ ಮತ್ತೊಂದು ಹಾನಿಯಾಯಿತು. ಈ ಯಾತ್ರೆಯಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ಶ್ರೀಮಂತ ತರುಣನೂ, ಸ್ವೀಡನ್ ದೇಶದ ಡೇನಿಯಲ್ ಸೊಲಾಂಡರ್ ಎಂಬ ವಿದ್ವಾಂಸನೂ ಸಸ್ಯಸಂಗ್ರಹಕ್ಕಾಗಿ ಬಂದಿದ್ದರು. ಎರಡು ವರ್ಷಗಳಿಂದ ಕಾಗದದ ನಡುವೆ ಒಣಗಿಸಿಟ್ಟಿದ್ದ ಸಸ್ಯಗಳನ್ನು, ಸುರಕ್ಷಿತವಾಗಿರಲೆಂದು, ಹಿಂಭಾಗದಲ್ಲಿ ರೊಟ್ಟಿಯಿಡುವ ಉಗ್ರಾಣಕ್ಕೆ ಸಾಗಿಸಿದ್ದರು. ಮುಂಭಾಗವು ಮೇಲಕ್ಕೆದ್ದು ಒಳಗಿನ ನೀರೆಲ್ಲ ಹಿಂಭಾಗಕ್ಕೆ ಹರಿದಾಗ ಆ ಗಿಡಗಳು ತೊಯ್ದುಹೋದುವು. ಪುನಃ ಒಣಗಿಸಿ ಬಹುಭಾಗವನ್ನು ಉಳಿಸಿಕೊಂಡರೂ ಕೆಲವು ಪೂರ್ತಿಯಾಗಿ ಹಾಳಾದುವು. ಬ್ಯಾಂಕ್ಸನು ಮರುಗುತ್ತ ಕುಳಿತುಕೊಳ್ಳದೆ ಹೊಸ ತೀರದ ಗಿಡಗಳನ್ನು ಕೂಡಿಸಲು ಹೊರಟನು. ಸಿಡ್ನಿ ಪಾರ್ಕಿನ್‌ಸನ್ ಎಂಬ ಚಿತ್ರಕಾರನು ಬಾಡುವುದಕ್ಕೆ ಮುಂಚೆ ಅವುಗಳ ರೂಪವನ್ನು ಬರೆದಿಟ್ಟನು. ಈ ಯಾತ್ರೆಯ ಸಸ್ಯಚಿತ್ರಗಳಿಗಾಗಿ ಬ್ಯಾಂಕ್ಸನು ಕೆತ್ತಿಸಿದ ತಾಮ್ರಫಲಕಗಳಿಂದ 738 ಚಿತ್ರಗಳು ವರ್ಣಸಹಿತವಾಗಿ ಮುದ್ರಣವಾದುದು 1980ರಿಂದ 1990ರ ಅವಧಿಯಲ್ಲಿ, ಎಂದರೆ ಎರಡು ಶತಮಾನಗಳ ಮೇಲೆ.

ಊಟದ ವಿಷಯದಲ್ಲಿ ಕುಕ್ಕನು ಮಾಡಿದ ಏರ್ಪಾಟು ಗೃಹಸ್ಥರು ಗಮನಿಸತಕ್ಕುದಾಗಿದೆ. ತಾಜಾ ಆಹಾರವಿಲ್ಲದ ದೀರ್ಘ ಸಮುದ್ರಯಾನದಲ್ಲಿ ಒಸಡುಗಳು ಊದಿ ರಕ್ತ ಸುರಿಯುವ ಸ್ಕರ್ವಿ ಎಂಬ ರೋಗವು ಬರುವುದು. ಆದುದರಿಂದ ಅಲ್ಲಿ ದೊರೆತ ಕಾಡುಸೊಪ್ಪು, ಕೆಸುವಿನ ಜಾತಿಯ ಎಲೆ, ತಾಳೆಯ ಜಾತಿಯ ಮರದ ಎಳೆಯ ತಿರುಳು, ಮೀನು, ಚಿಪ್ಪಿನ ಜಂತುಗಳು, ಕಡಲಾಮೆ, ಇವುಗಳಲ್ಲಿ ಯಾವುದೇ ಬಂದರೂ ನಾಯಕನಿಗೂ ಕಟ್ಟಕಡೆಯ ಖಲಾಸಿಗೂ ಸಮಭಾಗವೆಂದು ಅವನು ವಿಧಿಸಿದನು. ರೈಯಾತೆಯ ದ್ವೀಪದಿಂದ ಹಡಗಿನೊಡನೆ ಬಂದಿದ್ದ ತುಪಾಯನೆಂಬ ಪುರೋಹಿತನು, ಸ್ವತಃ ಮಹಾ ನೌಕಾಶಾಸ್ತ್ರಜ್ಞನು, ಈ ರೋಗದಿಂದ ಬಳಲುತ್ತಿದ್ದನು; ನದಿಯಲ್ಲಿ ತಾನೇ ಮೀನು ಹಿಡಿದು ತಿಂದು ಚೇತರಿಸಿಕೊಂಡನು.

ಬಡಗಿಗಳ ಕೆಲಸವು ನಡೆಯುತ್ತಿದ್ದಂತೆ ಉಳಿದವರು ದೇಶವನ್ನು ನೋಡಲು ಹೊರಟರು. ಪಾರಿವಾಳಗಳ ಬೇಟೆಗೆ ಹೋದವರು ಇಲಿಯ ಬಣ್ಣದ, ಬೇಟೆನಾಯಿಯ ಗಾತ್ರದ, ಬಹು ವೇಗದ ಒಂದು ಪ್ರಾಣಿಯನ್ನು ಕಂಡೆವೆಂದರು. ಒಬ್ಬ ಖಲಾಸಿಯು ಕಾಡಿನಿಂದ ಓಡಿಬಂದು, ಕೊಂಬುಗಳುಳ್ಳ, ಸಣ್ಣ ಪೀಪಾಯಿಯಷ್ಟು ದೊಡ್ಡದಾದ ಕರಿಯ ಪಿಶಾಚಿಯನ್ನು ಕಂಡೆನೆಂದು ಹೇಳಿದನು. ಅದು ನಮ್ಮ ಊರುಗಳ ಆಲದ ಮರಗಳಲ್ಲಿ ತಲೆಕೆಳಗಾಗಿ ತೂಗುವಂತಹ ದೊಡ್ಡ ಬಾವಲಿಯೇ; ಕೊಂಬುಗಳೆಂದುದು ಅದರ ಕಿವಿಗಳು. ಕುಕ್ಕನಾದರೋ ಪಕ್ಕದ ಗುಡ್ಡವನ್ನೇರಿ ಸಮುದ್ರವನ್ನು ನೋಡಿದನು. ಕಣ್ಣು ಹರಿದಷ್ಟು ದೂರವೂ ದಿಬ್ಬಗಳೇ ದಿಬ್ಬಗಳು. ನಾವಿಕನಿಗೆ ಆ ಮನೋಹರವಾದ ನೋಟವು ಚಿಂತೆಯನ್ನೇ ಹೆಚ್ಚಿಸಿತು.

ಜುಲೈ 6ರಂದು ಬ್ಯಾಂಕ್ಸನು ಗೋರ್ ಎಂಬ ಅಧಿಕಾರಿಯೊಡನೆ ಚಿಕ್ಕ ದೋಣಿಯಲ್ಲಿ ನದಿಯ ಮೇಲ್ಭಾಗವನ್ನು ನೋಡಲು ಹೊರಟನು. ರಾತ್ರಿ ದಡದಲ್ಲಿ ಮಲಗಿದವರನ್ನು ಸೊಳ್ಳೆಗಳು ನಿದ್ರೆಮಾಡಗೊಡಲಿಲ್ಲ. ಮರುದಿನ ಅಪೂರ್ವ ಪ್ರಾಣಿಗಳು ಕಂಡುವು, ಬೇಟೆನಾಯಿಯನ್ನು ಬಿಟ್ಟರು. ಎತ್ತರವಾದ ಹುಲ್ಲಿನಲ್ಲಿ ನಾಯಿಗೆ ಓಡಲಾಗಲಿಲ್ಲ. ಆ ಪ್ರಾಣಿಯು ನಾಲ್ಕು ಕಾಲುಗಳಿಂದ ಓಡದೆ ಹಿಂದಿನ ಎರಡೇ ಕಾಲುಗಳ ಮೇಲೆ ನೆಗೆನೆಗೆದು ಹುಲ್ಲನ್ನು ದಾಟಿಹೋಯಿತು. ಜುಲೈ 14ರಂದು ಗೋರನು ಒಂದನ್ನು ಗುಂಡಿನಿಂದ ಹೊಡೆದನು. ತೂಕ 38 ಪೌಂಡು. ಅದನ್ನು ಪರೀಕ್ಷಿಸಿದರು, ಚಿತ್ರ ಬರೆದರು, ಮರುದಿನ ಭೋಜನಕ್ಕೂ ಉಪಯೋಗಿಸಿದರು. ಅದರ ಹೆಸರನ್ನು ಆ ಜನರಿಂದ ಕೇಳಿ ಬರೆದುಕೊಂಡರು. ಅದೇ ಈಗ ನಮ್ಮ ಮಕ್ಕಳ ಪಾಠಪುಸ್ತಕಗಳಲ್ಲಿರುವ ‘ಕಾಂಗರೂ.’

ಈ ಶಬ್ದದ ವಿಷಯದಲ್ಲಿ ಒಂದು ಕಟ್ಟುಕಥೆಯಿದೆ. ಪ್ರಾಣಿಯ ಹೆಸರೇನೆಂದು ಕೇಳಿದಾಗ ಅಲ್ಲಿಯವನು ‘ನನಗೆ ತಿಳಿಯದು’ ಎಂದನೆಂದೂ, ಆ ಮಾತನ್ನೇ ಹೆಸರೆಂದು ಬರೆದುಕೊಂಡರೆಂದೂ ಅನೇಕರು ಹೇಳುವುದುಂಟು. 1820ರಲ್ಲಿ ಅಲ್ಲಿಗೆ ಬಂದ ಮತ್ತೊಬ್ಬ ನಾವಿಕನಾದ ಫಿಲಿಪ್ ಪಾರ್ಕರ್ ಕಿಂಗನಿಗೆ ಬೇರೊಂದು ಶಬ್ದವು ದೊರೆತುದರಿಂದ ಈ ಸಂದೇಹಕ್ಕೆ ಬಲ ಬಂದಿತು. 1970ರ ದಶಕದಲ್ಲಿ ಜಾನ್ ಹ್ಯಾವಿಲೆಂಡ್ ಎಂಬ ಭಾಷಾಶಾಸ್ತ್ರಜ್ಞನು ಆ ಜನರ ನಡುವೆ ಇದ್ದು ಅಭ್ಯಾಸಮಾಡಿ ನಿಜವನ್ನು ಸ್ಥಾಪಿಸಿದನು. ‘ಗಂಗುರು’ ಎಂಬುದು ಅಲ್ಲಿ ಆ ಪ್ರಾಣಿಯ ಒಂದು ದೊಡ್ಡ ಜಾತಿಗೆ ಸಲ್ಲುವ ನಿಜವಾದ ಹೆಸರು; ಕಿಂಗನಿಗೆ ಹೇಳಿದುದು ತಿನ್ನಲು ಯೋಗ್ಯವಾದ ಪ್ರಾಣಿಗಳಿಗೆಲ್ಲ ಸಾಮಾನ್ಯವಾದ ಶಬ್ದ. ಕೇಳಿದವರಿಗೆ ಆ ಜನರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು. ಅವರು ಅಜ್ಞರೆಂಬ ಪರಿಹಾಸವು ಪರಿಹಾಸಮಾಡಿದವರಿಗೇ ತಿರುಗಿತು. ಈ ಭಾಷೆಯಲ್ಲಿ ಮತ್ತೊಂದು ವಿಶೇಷವುಂಟು. ವಸ್ತುವು ಎಲ್ಲಿದೆಯೆಂದು ಹೇಳುವಾಗ ಎಡ ಬಲ ಎನ್ನದೆ ದಿಕ್ಕಿನ ಹೆಸರನ್ನೇ ಹೇಳುವರು. ‘ಮೂಡಣ ಮನೆ’, ‘ತೆಂಕಣ ಬಾಗಿಲು’ ಎಂಬ ನಮ್ಮ ಹಳ್ಳಿಯ ಹಿರಿಯರ ಮಾತುಗಳನ್ನು ಬಲ್ಲವರಿಗೆ ಇದು ತೀರ ಅಪರಿಚಿತವಾಗಿ ತೋರದು.

ಇನ್ನು ಆತಿಥ್ಯದ ವಿಷಯಕ್ಕೆ ಬರೋಣ. ಮೊದಲ ಮೂರು ವಾರಗಳು ಅಲ್ಲಿಯವರು ದೂರದಲ್ಲಿಯೇ ಉಳಿದರು. ಜುಲೈ 10ರಂದು ಕೆಲವರು ಹತ್ತಿರಕ್ಕೆ ಬಂದರು. ಬಟ್ಟೆ, ಮೊಳೆ, ಕಾಗದ ಮುಂತಾದುವನ್ನು ಕೊಟ್ಟರೆ ಅವರಿಗೆ ಅವು ಬೇಡವಾದುವು. ಒಂದು ಸಣ್ಣ ಮೀನನ್ನು ಕೊಟ್ಟಾಗ ಪರಮಾನಂದಪಟ್ಟರು. ತುಪಾಯನು ಸನ್ನೆಗಳಿಂದ ಅವರ ಈಟಿಗಳನ್ನು ಕೆಳಗಿಡಿಸಿ ಕುಳ್ಳಿರಿಸಿದನು. ಮರುದಿನ ಅವರು ಮತ್ತೆ ಬಂದಾಗ ತಾವೂ ಒಂದು ಮೀನನ್ನು ತಂದುಕೊಟ್ಟರು. ಕೊಟ್ಟುದಕ್ಕೆ ಪ್ರತಿಯಾಗಿ ಕೊಡುವುದು, ಹೊಸಬರನ್ನು ಕರೆತಂದಾಗ ಹೆಸರು ಹೇಳಿ ಪರಿಚಯಮಾಡಿಸುವುದು, ಇವೆಲ್ಲ ಅವರ ಮರ್ಯಾದೆಯ ಕ್ರಮವಾಗಿದ್ದುವು. ತಾವು ಕೊಟ್ಟ ಬಟ್ಟೆಗಳು ಕಾಡಿನಲ್ಲಿ ರಾಶಿಯಾಗಿ ಬಿದ್ದಿದ್ದುದನ್ನು ಹಡಗಿನವರು ಆಮೇಲೆ ಕಂಡರು. ಮೀನಿಗೆ ಬೆಲೆಯಿತ್ತು, ಬಟ್ಟೆಗೆ ಇರಲಿಲ್ಲ.

ಜುಲೈ 19ರಂದು ಹತ್ತು ಹನ್ನೊಂದು ಮಂದಿ ಹಡಗನ್ನು ಹತ್ತಿದರು. ಹವಳದ ದಿಬ್ಬಗಳಿಂದ ಹಿಡಿದು ತಂದಿದ್ದ ಹಲವು ಕಡಲಾಮೆಗಳು ಅಲ್ಲಿ ಬಿದ್ದಿದ್ದುವು. ಅವುಗಳಲ್ಲಿ ಒಂದನ್ನು ಕೊಡಿರೆಂದು ಅವರು ಸನ್ನೆಯಿಂದ ಕೇಳಿದರು. ಹಡಗಿನವರು ಕೊಡಲಿಲ್ಲ. ತಾವೇ ಎಳೆದೊಯ್ಯಲು ನೋಡಿದರು. ಅದಕ್ಕೂ ತಡೆ ಬಂದಿತು. ರೊಟ್ಟಿಯನ್ನು ಕೊಟ್ಟರೆ ತಿರಸ್ಕರಿಸಿ ದಡಕ್ಕೆ ಇಳಿದರು. ಅಲ್ಲಿ ಹಡಗಿನ ಸಂದುಗಳಿಗಾಗಿ ಡಾಂಬರು ಕಾಯುತ್ತಿತ್ತು. ಒಬ್ಬನು ಆ ಕಡಾಯಿಯ ಅಡಿಯಿಂದಲೇ ಬೆಂಕಿಯನ್ನು ತೆಗೆದುಕೊಂಡು ಒಣಗಿದ ಹುಲ್ಲಿಗೆ ಹಚ್ಚಿದನು. ಆಳೆತ್ತರದ ಹುಲ್ಲು ಕ್ಷಣಮಾತ್ರದಲ್ಲಿ ಹೊತ್ತಿಕೊಂಡಿತು. ಕಮ್ಮಾರನ ಕುಲುಮೆಯು ಬೆಂದಿತು, ಒಂದು ಹಂದಿಮರಿಯು ಸತ್ತಿತು, ಗುಡಾರವು ಅಲ್ಪದರಲ್ಲಿ ಉಳಿಯಿತು. ಮೀನುಬಲೆಗಳೂ ಬಟ್ಟೆಗಳೂ ಒಣಗುತ್ತಿದ್ದ ಕಡೆಗೂ ಬೆಂಕಿಯಿಟ್ಟರು. ಬಂದೂಕಿನ ಮದ್ದನ್ನು ಮೊದಲೇ ಹಡಗಿಗೆ ಸಾಗಿಸಿದ್ದುದು ಪುಣ್ಯ. ಕುಕ್ಕನು ಸಣ್ಣ ಗುಂಡುಗಳನ್ನು ಹಾರಿಸಿದನು. ಒಬ್ಬನ ಮೈಯಿಂದ ರಕ್ತ ಬಿದ್ದಿತು.

ಈ ವ್ಯಾಜ್ಯದಲ್ಲಿ ನ್ಯಾಯವು ಯಾರ ಕಡೆಗೆ? ಹಡಗಿನವರ ದೃಷ್ಟಿಯಲ್ಲಿ ಆಮೆಗಳು ಅವರು ಕಷ್ಟಪಟ್ಟು ಹಿಡಿದುವು; ಹಸಿದ ಎಂಬತ್ತು ಮಂದಿಯ ಆಹಾರ. ಅಲ್ಲಿಯವರ ದೃಷ್ಟಿಯಲ್ಲಿ ಸಮುದ್ರವೂ ದಿಬ್ಬಗಳೂ ಆಮೆಗಳೂ ಅವರವು. ಎಷ್ಟು ಹಿಡಿಯಬೇಕು, ಯಾರಿಗೆ ಹಂಚಬೇಕು ಎಂಬುದಕ್ಕೆ ಅವರಲ್ಲಿ ಕಟ್ಟಳೆಗಳುಂಟು. ಬಂದವರು ಕೇಳದೆ ಹಿಡಿದರು. ಹಿಡಿದುದರಲ್ಲಿ ಮನೆಯೊಡೆಯನಿಗೆ ಒಂದನ್ನೂ ಕೊಡಲಿಲ್ಲ. ಖಲಾಸಿಗೂ ನಾಯಕನಿಗೂ ಸಮಭಾಗವೆಂದು ವಿಧಿಸಿದ ಧರ್ಮಬುದ್ಧಿಯು ಹಡಗಿನ ಅಂಚಿನಲ್ಲಿಯೇ ನಿಂತುಹೋಯಿತು. ಅತಿಥಿಯು ತನ್ನ ಪರಿವಾರಕ್ಕೆ ನ್ಯಾಯವಂತನಾದರೆ ಸಾಲದು. ಯಾರ ನೆಲದಲ್ಲಿ ಒಲೆ ಹೂಡಿದ್ದಾನೋ ಅವರನ್ನೂ ಪಂಕ್ತಿಯಲ್ಲಿ ಎಣಿಸಬೇಕು.

ಕುಕ್ಕನೂ ಬ್ಯಾಂಕ್ಸನೂ, ಅವರು ಬಿಟ್ಟುಹೋದ ಕೆಲವು ಈಟಿಗಳನ್ನು ಎತ್ತಿಕೊಂಡು, ಅವರನ್ನು ಹಿಂಬಾಲಿಸಿದರು. ಸುಮಾರು ಒಂದು ಮೈಲಿಯ ದೂರದಲ್ಲಿ ಬಂಡೆಗಳ ಬಳಿ ಎರಡು ಪಕ್ಷದವರೂ ಎದುರುಬದುರಾಗಿ ನಿಂತರು. ಆಗ ಅವರೊಳಗಿನ ಒಬ್ಬ ಕುಳ್ಳಾದ ಮುದುಕನು, ಮೊನೆಯಿಲ್ಲದ ಈಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಒಬ್ಬನೇ ಮುಂದೆ ಬಂದನು. ನಡುನಡುವೆ ನಿಂತು ಕಂಕುಳಿನ ಬೆವರನ್ನು ಬೆರಳಿನಿಂದ ತೆಗೆದು ಬಾಯಿಗೆ ತಂದುಕೊಳ್ಳುತ್ತಿದ್ದನು. ಅದು ಅವರಲ್ಲಿ ಶಾಂತಿಯ ಸಂಸ್ಕಾರ. ಅವನು ಹಿಂದಿರುಗಿ ತನ್ನವರೊಡನೆ ಮಾತನಾಡಿದ ಮೇಲೆ ಅವರು ಈಟಿಗಳನ್ನು ಮರಕ್ಕೆ ಒರಗಿಸಿ ಸ್ನೇಹದಿಂದ ಬಂದರು. ಕುಕ್ಕನು ತಾನು ಎತ್ತಿಕೊಂಡಿದ್ದ ಈಟಿಗಳನ್ನು ಹಿಂದಕ್ಕೆ ಕೊಟ್ಟನು. ಆ ಮುದುಕನ ಹೆಸರನ್ನು ಯಾರೂ ಬರೆದಿಡಲಿಲ್ಲ. ಆ ಸ್ಥಳವು ಸುತ್ತಲಿನ ಕುಲಗಳೆಲ್ಲ ಕೂಡುವ ತಟಸ್ಥ ಭೂಮಿಯೆಂದೂ, ಅಲ್ಲಿ ರಕ್ತ ಚೆಲ್ಲಕೂಡದೆಂಬ ಕಟ್ಟಳೆಯಿತ್ತೆಂದೂ ಅವನ ವಂಶದ ಹಿರಿಯರು ಇಂದಿಗೂ ಹೇಳುತ್ತಾರೆ. ಕಟ್ಟಳೆಯನ್ನು ಮೀರಿ ರಕ್ತ ಬಿದ್ದುದರಿಂದ, ಅದನ್ನು ಶಮನಮಾಡುವ ಭಾರವನ್ನು ಆ ವೃದ್ಧನು ತಾನೇ ಹೊತ್ತನು. ಬಡಗಿಯು ಹಡಗಿನ ಬಿರುಕನ್ನು ಮುಚ್ಚಿದಂತೆ ಇವನು ಮನುಷ್ಯರ ನಡುವಣ ಬಿರುಕನ್ನು ಮುಚ್ಚಿದನು. ಬಡಗಿಗೆ ಮೊಳೆ, ನಾರು, ಡಾಂಬರುಗಳ ಸಹಾಯವಿದ್ದಿತು. ಇವನಿಗೆ ಇದ್ದುದು ಮೊನೆ ಮುರಿದ ಈಟಿಯೊಂದೇ.

ಹಡಗು ಸಿದ್ಧವಾದರೂ ಆಗ್ನೇಯದ ಗಾಳಿಯು ಹೊರಕ್ಕೆ ಬಿಡದೆ ಇನ್ನೂ ಕೆಲವು ದಿವಸ ನಿಲ್ಲಿಸಿತು. ಆಗಸ್ಟ್ 4ರಂದು, ಒಟ್ಟು 48 ದಿವಸಗಳ ತರುವಾಯ, ಎಂಡೆವರ್ ಹೊರಟಿತು. ಅಕ್ಟೋಬರಿನಲ್ಲಿ ಬಟೇವಿಯ ಎಂಬ ಡಚ್ಚರ ಬಂದರನ್ನು ಸೇರಿತು. ಇಂದಿನ ಜಕಾರ್ತ ನಗರವೇ ಅದು. ಅಲ್ಲಿಯ ಹಡಗುಕಟ್ಟೆಯಲ್ಲಿ ತಳವನ್ನು ಪೂರ್ತಿಯಾಗಿ ಬಿಚ್ಚಿ ನೋಡಿದಾಗ, ನದಿಯಲ್ಲಿ ಕಾಣದೆ ಉಳಿದಿದ್ದ ಕಡೆ ಕೆಲವು ಹಲಗೆಗಳು ಸವೆದು ಅಂಗುಲದ ಎಂಟನೆಯ ಒಂದು ಭಾಗದಷ್ಟೇ ಉಳಿದಿದ್ದುವು! ಅಷ್ಟು ತೆಳುವಾದ ಮರವನ್ನು ನಂಬಿ ಅವರು ಸಾವಿರಾರು ಮೈಲಿ ಬಂದಿದ್ದರು. ಬಟೇವಿಯದ ದುರಸ್ತಿಯು ಉತ್ತಮವಾಗಿತ್ತು. ಆದರೆ ಆ ಊರಿನ ಜ್ವರ ಮತ್ತು ಅತಿಸಾರಗಳು ನದೀತೀರದಲ್ಲಿ ಆರೋಗ್ಯವಾಗಿದ್ದವರನ್ನು ಹಿಡಿದುವು. ಅಲ್ಲಿ 7 ಮಂದಿಯೂ, ಮುಂದೆ ಆಫ್ರಿಕದ ಕೇಪ್ ಸೇರುವುದರೊಳಗೆ 20ಕ್ಕೂ ಹೆಚ್ಚು ಮಂದಿಯೂ ಸತ್ತರು. ತುಪಾಯನು ಸತ್ತನು, ಚಿತ್ರಕಾರ ಪಾರ್ಕಿನ್‌ಸನ್ ಸತ್ತನು, ಉಣ್ಣೆಯ ಪಟದಿಂದ ಹಡಗನ್ನು ಉಳಿಸಿದ ಮಂಕ್‌ಹೌಸನೂ, ಹಲಗೆ ಜಡಿದ ಬಡಗಿ ಸ್ಯಾಟರ್ಲಿಯೂ 1771ರ ಫೆಬ್ರವರಿಯಲ್ಲಿ ಸಮುದ್ರಕ್ಕೆ ಅರ್ಪಿತರಾದರು. ಅವರು ಸರಿಪಡಿಸಿದ ಹಡಗು ಮಾತ್ರ ಆ ವರ್ಷದ ಜುಲೈಯಲ್ಲಿ ಇಂಗ್ಲೆಂಡನ್ನು ಮುಟ್ಟಿತು.

ಆತಿಥೇಯರ ಕಥೆಯು ಇದಕ್ಕಿಂತಲೂ ದುಃಖಕರವಾದುದು. ನದಿಯನ್ನು ಬಿಟ್ಟ ಹದಿನೆಂಟು ದಿವಸಗಳ ಮೇಲೆ, ಆಗಸ್ಟ್ 22ರಂದು, ಕುಕ್ಕನು ಆ ಪೂರ್ವ ತೀರವೆಲ್ಲ ತನ್ನ ರಾಜನಿಗೆ ಸೇರಿತೆಂದು ಸಾರಿದನು. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. 1873ರಲ್ಲಿ ಪಾಮರ್ ನದಿಯಲ್ಲಿ ಚಿನ್ನವು ಸಿಕ್ಕಿತೆಂದು ಸಹಸ್ರಾರು ಜನರು ನುಗ್ಗಿಬಂದು ಆ ದಡದಲ್ಲಿ ಕುಕ್‌ಟೌನ್ ಎಂಬ ಪಟ್ಟಣವನ್ನು ಕಟ್ಟಿದರು. ಗೂಗು ಯಿಮಿಧಿರ್ ಜನರಲ್ಲಿ ಅನೇಕರು ಗುಂಡಿಗೆ ಬಲಿಯಾದರು. ಉಳಿದವರು ನೆಲೆ ತಪ್ಪಿದರು. 1942ರಲ್ಲಿ, ಯುದ್ಧಕಾಲದಲ್ಲಿ, ಮಿಷನ್ನಿನಲ್ಲಿದ್ದವರನ್ನು ಸೈನ್ಯದವರು ಬಹುದೂರದ ವೂರಬಿಂಡಕ್ಕೆ ಸಾಗಿಸಿದರು. ಅಲ್ಲಿ ಅನೇಕರು ತೀರಿಕೊಂಡರು. ಉಳಿದವರು ಹಿಂದಿರುಗಿ ಹೋಪ್‌ವೇಲ್ ಎಂಬ ಊರನ್ನು ಕಟ್ಟಲು ಆ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಒಂದು ಆಮೆಯನ್ನು ಕೇಳಿದವರಿಗೆ ಕೊನೆಗೆ ದೇಶವೇ ಉಳಿಯಲಿಲ್ಲ.

ಆದರೂ ಆ ವೃದ್ಧನ ಕಾರ್ಯವು ನಷ್ಟವಾಗಲಿಲ್ಲ. ಹಡಗಿನವರು ಬರೆದಿಟ್ಟ ನೂರಕ್ಕೂ ಹೆಚ್ಚು ಶಬ್ದಗಳು ಇಂದು ಆ ಜನರಿಗೇ ತಮ್ಮ ಭಾಷೆಯ ಹಳೆಯ ದಾಖಲೆಗಳಾಗಿವೆ. ಕುಕ್‌ಟೌನಿನಲ್ಲಿ ಎರಡು ಪಕ್ಷದವರೂ ಸಂಧಿಸಿದ ಬಂಡೆಗಳನ್ನು ಸಂಧಾನದ ಬಂಡೆಗಳೆಂದು ಕರೆದು ಕಾಪಾಡಿಕೊಂಡಿದ್ದಾರೆ. ಊರಿನವರು ಸೇರಿ ಆ ಪ್ರಸಂಗವನ್ನು ಅಭಿನಯಿಸುವ ಸಂಪ್ರದಾಯವೂ ಇದೆ. ಮೂಲನಿವಾಸಿಗಳು ತಮ್ಮ ಕಡೆಯ ಕಥೆಯನ್ನು ತಾವೇ ಹೇಳುತ್ತಾರೆ. ಸಮುದ್ರಕ್ಕೆ ಎಸೆದ ಆರು ಫಿರಂಗಿಗಳನ್ನು 1969ರಲ್ಲಿ ಹವಳದ ನಡುವಿನಿಂದ ಮೇಲೆತ್ತಿದರು. ಹಳೆಯ ಕ್ರೈಸ್ತ ಸನ್ಯಾಸಿನಿಯರ ಮಠವಾಗಿದ್ದ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಅವುಗಳಲ್ಲೊಂದನ್ನೂ ಹಡಗಿನ ಲಂಗರನ್ನೂ ಕಾಣಬಹುದು. ಈಗಲೂ ಆ ತೀರದಲ್ಲಿ ಹಾಯಿದೋಣಿಗಳಲ್ಲಿ ಸಂಚರಿಸುವವರು ಆಗ್ನೇಯದ ಗಾಳಿಯು ಹೆಚ್ಚಾದಾಗ ಆ ನದಿಯನ್ನು ಹೊಕ್ಕು, ದೋಣಿಯನ್ನು ಸರಿಮಾಡಿಕೊಂಡು, ಗುಡ್ಡವನ್ನೇರಿ ಸಮುದ್ರವನ್ನು ನೋಡಿ, ಗಾಳಿಯು ಇಳಿಯುವವರೆಗೆ ತಂಗುವುದುಂಟು.

ವಾಚಕರಲ್ಲಿ ಹಡಗನ್ನೇರತಕ್ಕವರು ಕೆಲವರೇ ಇರಬಹುದು. ಆದರೆ ರೈಲು ತಪ್ಪಿ, ಮೋಟಾರು ಕೆಟ್ಟು, ಮಳೆಗೆ ಸಿಕ್ಕಿ, ಗೊತ್ತಿಲ್ಲದ ಊರಿನಲ್ಲಿ ಒಂದೆರಡು ದಿವಸ ಉಳಿಯಬೇಕಾದ ಪ್ರಸಂಗವು ಎಲ್ಲರಿಗೂ ಬರುವುದು. ಅಂತಹ ಸಮಯದಲ್ಲಿ ಮೊದಲು ಒಡೆದುದನ್ನು ನೋಡಬೇಕು. ಇದ್ದುದನ್ನು ಸಮನಾಗಿ ಹಂಚಿಕೊಳ್ಳಬೇಕು. ಸುಮ್ಮನೆ ಕುಳಿತು ಪರಿತಪಿಸದೆ ಆ ಊರನ್ನು ಕಣ್ತೆರೆದು ನೋಡಬೇಕು. ಇಷ್ಟನ್ನು ಕುಕ್ಕನ ಮಂದಿಯಿಂದ ಕಲಿಯಬಹುದು. ಆ ಊರಿನ ಕೆರೆಯಲ್ಲಿ ಬಿಂದಿಗೆಯನ್ನು ಅದ್ದುವುದಕ್ಕೆ ಮುಂಚೆ ಅಲ್ಲಿಯವರನ್ನು ಒಂದು ಮಾತು ಕೇಳಬೇಕು ಎಂಬುದನ್ನು ಮಾತ್ರ ಅವರ ಆತಿಥೇಯರಿಂದಲೇ ಕಲಿಯತಕ್ಕದ್ದು.